ಅಪ್‌ಡೇಟ್: ಪೋಲೋ ಜಿಟಿ ಟಿಎಸ್‌ಐ ಟ್ಯೂನಿಂಗ್ ಆಯ್ತು

ನನ್ನ ಫೋಕ್ಸ್‌ವ್ಯಾಗನ್ ಪೋಲೋ ಕಾರಿಗೆ ಟ್ಯೂನಿಂಗ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸೋದು) ಮಾಡಿಸಬೇಕಿತ್ತು. ಒಳ್ಳೆ ಟ್ಯೂನರ್ ಅಂದ್ರೆ ಏನೇನು ಮಾಡಿಕೊಡಬೇಕು ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಹೋದ ಕಡೆ ಬಾನೆಟ್ ಕೂಡ ತೆಗೆಯಲಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಸಾಫ್ಟ್‌ವೇರ್ ಫೈಲ್ ಹಾಕಿಕೊಡ್ತೀವಿ ಅಂದರು. ಸುಮ್ನೆ ವಾಪಸ್ ಬಂದೆ.

ಪೀಣ್ಯ ಕಡೆಯ ಇನ್ನೊಬ್ಬರು ಮೊದಲು ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಭಾಗ) ಪೈಪ್‌ಗಳಲ್ಲಿ ಗಾಳಿ ಸೋರುತ್ತಾ ನೋಡಿದರು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಒಂದರ ತುದಿ ಸವೆದುಹೋಗಿತ್ತು. "ಇದನ್ನ ಬದಲಾಯಿಸದೆ ನಾನು ಕೈ ಹಾಕಲ್ಲ ಸಾರ್" ಅಂದರು. ಜೆ.ಸಿ. ರೋಡಿಂದ ಹೊಸ ಸೆಟ್ ತಂದುಕೊಟ್ಟೆ. ಕಂಪನಿಯ ಮೂಲ ಫೈಲ್ ಬ್ಯಾಕಪ್ ತೆಗೆದು ನನಗೂ ಒಂದು ಕಾಪಿ ಕೊಟ್ಟರು. ಟ್ಯೂನಿಂಗ್‌ಗೆ ಮುಂಚೆ ಒಂದ್ಸಲ, ಆದಮೇಲೆ ಒಂದ್ಸಲ ಡೈನೋ (ಪವರ್ ಅಳೆಯೋ ಯಂತ್ರ) ಮೇಲೆ ಓಡಿಸಿ, ನಾಕಿಂಗ್ (ಪೆಟ್ರೋಲ್ ತಪ್ಪು ಹೊತ್ತಲ್ಲಿ ಉರಿದು ಎಂಜಿನ್ ಬಡಿಯೋದು) ಇದೆಯಾ, ಗಾಳಿ-ಪೆಟ್ರೋಲ್ ಪ್ರಮಾಣ ಸರಿ ಇದೆಯಾ ಅಂತ ಲಾಗ್ (ಓಡಿಸುವಾಗಿನ ದಾಖಲೆ) ತೆರೆದು ತೋರಿಸಿದರು.

ನನಗೆ ತುಂಬಾ ಹಿಡಿಸಿದ್ದು, ಜಾಸ್ತಿ ಪವರ್ ಕೇಳಿದಾಗ ಬೇಡ ಅಂದಿದ್ದು. ಕಂಪನಿಯಿಂದ ಬರೋ ಟಾರ್ಕ್ (ಎಂಜಿನ್ ತಿರುಗಿಸೋ ಬಲ) 175 ನ್ಯೂಟನ್ ಮೀಟರ್. ಈ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ತಡೆಯೋದು 250. ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲಿಸಿದರು. ವಾರಂಟಿ ಇರೋ ಗಾಡಿ ಆದ್ರೆ ಅದಕ್ಕೆ ಕುತ್ತು ಬರಬಹುದು ಅಂತಲೂ ಮೊದಲೇ ಹೇಳಿದ್ದರು.

ಇನ್ನು ನಾಕಿಂಗ್ ಚೆನ್ನಾಗಿ ತಡೆಯೋ 95 ಆಕ್ಟೇನ್ ಪೆಟ್ರೋಲೇ ಹಾಕಿಸಿ, ಮುಂದಿನ ಸರ್ವಿಸ್ ಹೊತ್ತಿಗೆ ಮತ್ತೆ ಲಾಗ್ ನೋಡೋಣ ಅಂದಿದ್ದಾರೆ.