ವಯಸ್ಸಾದ ನಾಯಿಗೆ ಹಿಂಗಾಲು ನಡುಕ, ಕಾರಣ ಏನಿರಬಹುದು?

ರಾಣಿ ಅಮ್ಮ (ಸರಸ್ವತಿಪುರಂ, ಮೈಸೂರು):
ನಮ್ಮ ಲ್ಯಾಬ್ರಡಾರ್ ರಾಣಿಗೆ ಈಗ 12 ವರ್ಷ. ಯುಗಾದಿ ಕಳೆದ ಮೇಲೆ ಇದು ಶುರುವಾಗಿದೆ. ತಟ್ಟೆ ಮುಂದೆ ನಿಂತರೆ ಹಿಂಗಾಲು ಎರಡೂ ಗಡಗಡ ನಡುಗುತ್ತವೆ, ತೊಡೆ ಮೇಲೆ ಕೈ ಇಟ್ಟರೆ ಒಳಗೆ ಮೋಟರ್ ಓಡಿದ ಹಾಗೆ ಗೊತ್ತಾಗುತ್ತದೆ. ಮಲಗಿದ ತಕ್ಷಣ ನಿಲ್ಲುತ್ತದೆ. ಈ ಬಿಸಿಲಲ್ಲಿ ಚಳಿ ಅನ್ನೋ ಹಾಗೂ ಇಲ್ಲ. ಊಟಕ್ಕೇನೂ ಕಮ್ಮಿ ಇಲ್ಲ, ಮೊಸರನ್ನ ಕಂಡರೆ ಈಗಲೂ ಜೊಲ್ಲು. ಡಾಕ್ಟರ್ ಒಬ್ಬರು ಮುಟ್ಟಿ ನೋಡಿ "ವಯಸ್ಸಾಯ್ತಲ್ಲಮ್ಮ" ಅಂದು ಕಳಿಸಿದರು. ಪಕ್ಕದ ಮನೆಯವರು ಅರ್ಧ ಡೋಲೋ ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ?

ಮದ್ದೂರು ಹುಡುಗ:
ಡೋಲೋ ಬೇಡವೇ ಬೇಡ ಅಕ್ಕ. ಪ್ಯಾರಾಸಿಟಮಾಲ್ ನಾಯಿಯ ಲಿವರ್ ಹಾಳು ಮಾಡುತ್ತದೆ. ಬ್ರೂಫೆನ್ ಇನ್ನೂ ಕೆಟ್ಟದ್ದು, ಹೊಟ್ಟೆ ಹುಣ್ಣು, ಕಿಡ್ನಿ ಎರಡಕ್ಕೂ ತೊಂದರೆ. ನಾಯಿಗೇ ಅಂತ ನೋವಿನ ಮಾತ್ರೆ ಬೇರೆ ಇದೆ, ಅದನ್ನೂ ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಕಾಳನ ಅಪ್ಪ (ಮಂಡ್ಯ):
ನಡುಕ ಯಾವಾಗ ಬರುತ್ತದೆ ಅನ್ನುವುದೇ ಮುಖ್ಯ ಮೇಡಂ. ನಿಂತಾಗ ಮಾತ್ರ ಬಂದು, ನಡೆದರೆ, ಮಲಗಿದರೆ ಹೋಗುತ್ತದೆ ಅಂದರೆ ಬರೀ ವಯಸ್ಸಿನ ನಡುಕವೂ ಇರಬಹುದು, ಅದರಿಂದ ನೋವಿಲ್ಲ. ಆದರೆ ಸೊಂಟ, ಬೆನ್ನಿನ ಕೀಲು ಸವೆದು ಕಾಲಿನ ಬಲ ಹೋದಾಗಲೂ ಹೀಗೇ ಆಗುತ್ತದೆ. ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ ಮೈ ಎಳೆದುಕೊಳ್ಳುತ್ತಾಳಾ, ಮೆಟ್ಟಿಲ ಹತ್ತಿರ ನಿಂತು ಯೋಚನೆ ಮಾಡುತ್ತಾಳಾ, ತೊಡೆ ಸಣ್ಣಗಾಗಿದೆಯಾ ನೋಡಿ. ಹಿಂಗಾಲಿನ ಉಗುರನ್ನೂ ನೋಡಿ. ಮುಂದಿನ ಕಡೆ ಸವೆದಿದ್ದರೆ ಪಾದ ಎಳೆದುಕೊಂಡು ನಡೆಯುತ್ತಿದ್ದಾಳೆ ಅಂತ, ಆಗ ನರದ ಕಡೆಗೂ ಅನುಮಾನ ಪಡಬೇಕು. ಇನ್ನೊಂದು, ಬೊಗಳುವ ಧ್ವನಿ ಬದಲಾಗಿದೆಯಾ?

ತೋಟದ ಮನೆ (ಶ್ರೀರಂಗಪಟ್ಟಣ):
ರಕ್ತ ಪರೀಕ್ಷೆ ಮಾಡಿಸದೆ ವಯಸ್ಸು ಅಂತ ಬಿಡುವುದು ನನಗಂತೂ ಒಪ್ಪಿಗೆ ಇಲ್ಲ. ಸಕ್ಕರೆ ಇಳಿದರೂ ನಡುಕ, ಕ್ಯಾಲ್ಸಿಯಂ ಇಳಿದರೂ ನಡುಕ, ಕಿಡ್ನಿ ಸೋತರೂ ನಡುಕ. ಪ್ಲೇಟ್ಲೆಟ್ಟೂ ನೋಡಿಸಿ, ನಮ್ಮ ಕಡೆ ಉಣ್ಣೆ ಕಾಟ ಜಾಸ್ತಿ, ಉಣ್ಣೆ ಜ್ವರ ಒಳಗೊಳಗೇ ಇರುತ್ತದೆ. ರಾಣಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿಲ್ಲದಿದ್ದರೆ, ನೀರು ಜಾಸ್ತಿ ಕುಡಿಯುತ್ತಿದ್ದರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದಕ್ಕೆ ತಡ ಮಾಡುವ ಹಾಗಿಲ್ಲ. ನಮ್ಮ ನಾಟಿ ನಾಯಿಗೆ ಮರಿಯಲ್ಲಿ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಬಂದು ಬದುಕಿತು, ಈಗಲೂ ನಿದ್ದೆಯಲ್ಲೂ ಒಂದು ಕಾಲು ಟಕ್ ಟಕ್ ಅಂತ ಎಳೆಯುತ್ತದೆ. ಅದು ಬೇರೆ ಥರ, ನಿಮ್ಮದು ಅದಲ್ಲ. ಗದ್ದೆ ಪಕ್ಕ ಇರುವವರಿಗೆ ಒಂದು ಮಾತು, ಔಷಧಿ ಹೊಡೆದ ದಿನ ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ ಮೈಯೆಲ್ಲ ನಡುಗಿದರೆ ಅದು ವಿಷ. ಮನೆಮದ್ದು ಅಂತ ಕೂರಬೇಡಿ, ಗಾಡಿ ತೆಗೆಯಿರಿ.

ರಾಣಿ ಅಮ್ಮ:
ಆಪರೇಷನ್ ಆಗಿದೆ. ಉಗುರು ನೋಡಿದೆ, ಮಧ್ಯದ ಎರಡು ಮುಂದೆ ಚಪ್ಪಟೆ ಆಗಿವೆ. ಮತ್ತೆ ಹೌದು, ಬೊಗಳಿದರೆ ಈಚೆಗೆ ಗಂಟಲು ಕಟ್ಟಿದ ಹಾಗಿದೆ! ವಾಕಿಂಗ್‌ನಲ್ಲಿ ಏದುಸಿರೂ ಜೋರು. ಇದಕ್ಕೂ ಕಾಲಿಗೂ ಏನು ಸಂಬಂಧ?

ಕಾಳನ ಅಪ್ಪ:
ಸಂಬಂಧ ಇರಬಹುದು. ವಯಸ್ಸಾದ ಲ್ಯಾಬ್‌ಗಳಲ್ಲಿ ಉದ್ದದ ನರಗಳು ನಿಧಾನವಾಗಿ ಸೋಲುವ ಒಂದು ತೊಂದರೆ ಇದೆ. ಮೊದಲು ಗಂಟಲಿನ ನರ, ಆಮೇಲೆ ಹಿಂಗಾಲು. ಗಂಟಲಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಅದಕ್ಕೇ ಸದ್ದು. ಇದೇ ಅಂತ ನಾನು ಹೇಳಲಾರೆ, ಡಾಕ್ಟರ್ ಹತ್ತಿರ ಎರಡನ್ನೂ ಒಟ್ಟಿಗೇ ಹೇಳಿ. ತಟ್ಟೆ ಮುಂದೆ ನಡುಗುವುದನ್ನು, ಬೊಗಳುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿ, ಕ್ಲಿನಿಕ್ಕಿಗೆ ಹೋದರೆ ಇವು ಬೇಕಂತಲೇ ನೆಟ್ಟಗೆ ನಿಲ್ಲುತ್ತವೆ. ಅಲ್ಲಿಯವರೆಗೆ ಕುತ್ತಿಗೆ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಪಟ್ಟಿ ಕಟ್ಟಿ, ವಾಕಿಂಗ್ ಬೆಳಿಗ್ಗೆ ಬಿಸಿಲು ಏರುವ ಮೊದಲು ಮುಗಿಸಿ. ನಾಲಿಗೆ ನೀಲಿ ಆದರಂತೂ ತಕ್ಷಣ ಓಡಿ.

ಮದ್ದೂರು ಹುಡುಗ:
ಟೈಲ್ಸ್ ನೆಲ ಇದ್ದರೆ ತಟ್ಟೆ ಹತ್ತಿರ ರಬ್ಬರ್ ಮ್ಯಾಟ್ ಹಾಕಿ ಅಕ್ಕ, ಕಾಲು ಜಾರುವುದು ಕಮ್ಮಿ ಆಗುತ್ತದೆ.

ರಾಣಿ ಅಮ್ಮ:
ವಿಡಿಯೋ ತೆಗೆದೆ. ನಾಳೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತೇವೆ, ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕುತ್ತೇನೆ.