ಅಮ್ಮ ದೇವಾಲಯಕ್ಕೆ ಹೋಗದಿದ್ದ ನಾಲ್ಕು ತಿಂಗಳನ್ನು ಸ್ಮರಣೆಯ ಕೂಟದಲ್ಲಿ ಹೇಳಬಹುದೇ?

ಹಿರಿಯ ಮಗಳು, ತುಮಕೂರು

ಮುಂದಿನ ತಿಂಗಳಿಗೆ ಅಮ್ಮ ತೀರಿಕೊಂಡು ಒಂದು ವರ್ಷ. ಆರಾಧನೆಯ ನಂತರ ನಾಲ್ಕು ಮಾತು ಆಡಬೇಕೆಂದು ನಮ್ಮ ಚರ್ಚಿನ ಪಾದ್ರಿ ಅಯ್ಯನವರು ನನಗೆ ಹೇಳಿದ್ದಾರೆ. ತಮ್ಮ ಬರೆದುಕೊಟ್ಟ ಹಾಳೆಯಲ್ಲಿ ‘ದೈವಭಕ್ತೆ, ಸಾಧ್ವಿ, ಆದರ್ಶ ಶಿಕ್ಷಕಿ’ ಎಂದಿದೆ. ಸುಳ್ಳೇನಲ್ಲ. ಆದರೆ ಆ ಮಾತುಗಳನ್ನು ಯಾರ ತಾಯಿಯ ಸಮಾಧಿಯ ಮೇಲಾದರೂ ಕೆತ್ತಿಸಬಹುದು.

ಅಮ್ಮ ಹುಟ್ಟಿದ್ದು 1947ರಲ್ಲಿ. ನಮ್ಮ ಕ್ರೈಸ್ತ ಸಭೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ರೂಪುಗೊಂಡದ್ದೂ ಅದೇ ವರ್ಷದ ಸೆಪ್ಟೆಂಬರ್ 27ರಂದು. “ಸಭೆಗೂ ನನಗೂ ಒಂದೇ ವಯಸ್ಸು” ಎಂದು ಹೆಮ್ಮೆಪಡುತ್ತಿದ್ದರು. ಗುಬ್ಬಿ ಕಡೆಯ ಹಳ್ಳಿಯ ಸರ್ಕಾರಿ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. 2005ರಲ್ಲಿ, 58 ತುಂಬಿದಾಗ ನಿವೃತ್ತರಾದರು. ಅವರ ಸೇವೆಯ ಬಹುಪಾಲು ಬಿಸಿಯೂಟ ಇಲ್ಲದ ಕಾಲ. ಹಸಿದು ಬರುವ ಮಕ್ಕಳಿಗೆಂದು ಮುಚ್ಚಳ ಸೊಟ್ಟಗಾದ ತಗಡಿನ ಡಬ್ಬಿಯಲ್ಲಿ ಹುರಿಗಡಲೆ, ಬೆಲ್ಲ ಒಯ್ಯುತ್ತಿದ್ದರು. ಅಪ್ಪ ಪಾರ್ಶ್ವವಾಯುವಿನಿಂದ ಮಲಗಿದ್ದ ಆರು ವರ್ಷ, ನಸುಕಿನಲ್ಲೇ ಅವರ ಮೈ ಒರೆಸಿ, ರಾಗಿ ಗಂಜಿ ಕುಡಿಸಿ ಬಸ್ಸು ಹಿಡಿಯುತ್ತಿದ್ದರು.

1984ರ ಮೇ ತಿಂಗಳಲ್ಲಿ ನಮ್ಮ ಕೊನೆಯ ತಮ್ಮ ಜ್ವರದಿಂದ ಹೋದ. ಏಳು ವರ್ಷ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಮ್ಮ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಭಾನುವಾರ ಗಂಟೆ ಹೊಡೆದಾಗ ಹಿತ್ತಿಲಲ್ಲಿ ಕುಳಿತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದರು. ಅಕ್ಟೋಬರ್‌ನ ಒಂದು ಶನಿವಾರ ಸಂಜೆ, ಯಾರೊಡನೆಯೂ ಮಾತಾಡದೆ ಬಿಳಿ ಸೀರೆಗೆ ಗಂಜಿ ಹಾಕಿ ತಂತಿಯ ಮೇಲೆ ಹರವಿದರು. ಅಮ್ಮನ ಭಕ್ತಿ ಏನೆಂದು ನನಗೆ ತಿಳಿದದ್ದು ಆ ಸೀರೆಯನ್ನು ನೋಡಿ.

ಇದನ್ನು ಹೇಳಿದರೆ ಅಮ್ಮನಿಗೆ ಅಗೌರವ ಎನ್ನುತ್ತಾನೆ ತಮ್ಮ. ನಿಮಗೆ ಏನೆನಿಸುತ್ತದೆ?

ನಿವೃತ್ತ ಉಪದೇಶಿ, ಚಿಕ್ಕಬಳ್ಳಾಪುರ

ಹೇಳಮ್ಮ. ಬೈಬಲಿನ 13ನೆಯ ಕೀರ್ತನೆ ಶುರುವಾಗುವುದೇ ದೇವರನ್ನು ‘ಇನ್ನೆಷ್ಟು ಕಾಲ’ ಎಂದು ಕೇಳುವುದರಿಂದ. ಆದರೆ ತಮ್ಮನಿಗೆ ಮೊದಲು ಓದಿ ತೋರಿಸು. ಅವನೂ ಆ ಮನೆಯಲ್ಲೇ ಅತ್ತವನು.

ಹಳೆಯ ವಿದ್ಯಾರ್ಥಿ

ಅಕ್ಕ, ಸೊಟ್ಟ ಮುಚ್ಚಳದ ಡಬ್ಬಿ ಎಂದೊಡನೆ ನಮ್ಮ ಟೀಚರ್ ಎಂದು ಗೊತ್ತಾಯಿತು. ಆ ವರ್ಷ ನಾನು ಮೂರನೆಯ ತರಗತಿ. ತೀರಿಕೊಂಡ ನಿಮ್ಮ ತಮ್ಮನ ಹೆಸರೇ ನನ್ನದೂ. ಹಾಜರಿ ಕರೆಯುವಾಗ ನನ್ನ ಹೆಸರು ಬಂದರೆ ಟೀಚರ್ ತಲೆ ಎತ್ತಿ ನನ್ನನ್ನು ನೋಡಿ, ಸುಮ್ಮನೆ ಗುರುತು ಹಾಕಿ ಮುಂದಕ್ಕೆ ಹೋಗುತ್ತಿದ್ದರು. ನನ್ನ ಮೇಲೆ ಕೋಪವೆಂದು ತಿಳಿದು ಅಳುತ್ತಿದ್ದೆ. ದಸರಾ ರಜೆ ಮುಗಿಸಿ ಬಂದ ದಿನ ನನ್ನ ಹೆಸರನ್ನು ಪೂರ್ತಿ ಕರೆದರು. “ಬಂದಿದ್ದೇನೆ ಟೀಚರ್” ಎಂದು ಕೂಗಿದೆ. ಕೂಗಬೇಡ ಎಂದು ಬೈಯಲಿಲ್ಲ.

ಸ್ತ್ರೀ ಸಮಾಜದ ಹಳಬಳು, ತುಮಕೂರು

ನೀನು ಯಾರ ಮಗಳೆಂದು ತಿಳಿಯಿತು ಮಗಳೇ. ನಿನ್ನ ತಾಯಿ ಬರಲಿಲ್ಲ, ನಿಜ. ಆದರೆ ಆಗ ಹಿಡಿಯಕ್ಕಿ ಅಳೆದುಕೊಳ್ಳುತ್ತಿದ್ದವಳು ನಾನು. ಅಡುಗೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ತರುವುದು ನಮ್ಮ ರೂಢಿ. ಆ ನಾಲ್ಕು ತಿಂಗಳಲ್ಲಿ ನಿಮ್ಮ ಮನೆಯ ಅಕ್ಕಿ ಒಂದು ವಾರವೂ ತಪ್ಪಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ತರುತ್ತಿದ್ದಳು. ಅದು ನೀನೇ ಅಲ್ಲವೇ?

ಹಿರಿಯ ಮಗಳು, ತುಮಕೂರು

ನಾನೇ ಅಮ್ಮ. ಬಟ್ಟೆಯ ಚೀಲದಲ್ಲಿ ತರುತ್ತಿದ್ದೆ. ನಮ್ಮಮ್ಮ ಅದರ ಬಾಯಿಗೆ ದಾರ ಕಟ್ಟಿ, “ಚೆಲ್ಲಬೇಡ, ನೆಟ್ಟಗೆ ಹೋಗು” ಎನ್ನುತ್ತಿದ್ದರು. ನಲವತ್ತು ವರ್ಷ ಇದು ನನ್ನ ನೆನಪಿಗೇ ಬರಲಿಲ್ಲ. ಈಗಲೇ ತಮ್ಮನಿಗೆ ಫೋನ್ ಮಾಡುತ್ತೇನೆ.