ಮೋರಿಸ್ ಮೈನರ್: ಹಿಂಭಾಗ ತಗ್ಗಿಸಿದ ಮೇಲೆ ಹಂಪ್‌ನಲ್ಲಿ ಬಡಿತ, ಹೊರಡುವಾಗ ನಡುಕ

ಪ್ರಶ್ನೆ:
ನಮಸ್ಕಾರ. ಮೈಸೂರಿನಲ್ಲಿ ನನ್ನ ಬಳಿ 1954ರ ಮೋರಿಸ್ ಮೈನರ್ ಇದೆ. ಮೂಲದ 803 ಸಿಸಿ ಎಂಜಿನ್ ತೆಗೆದು ಹಿಂದಿನ ಮಾಲೀಕರು ಅದೇ ವಂಶದ 1098 ಸಿಸಿ ಎಂಜಿನ್ ಕೂರಿಸಿದ್ದಾರೆ. ಕಾರಿನ ಹಿಂಭಾಗ ಎತ್ತರವಾಗಿ ಕಾಣುತ್ತಿತ್ತು. ಕೈಯಲ್ಲಿದ್ದದ್ದು ಐದು ಸಾವಿರ ರೂಪಾಯಿ. ಮೆಕ್ಯಾನಿಕ್ ಒಬ್ಬರ ಮಾತು ಕೇಳಿ, ಎರಡೂ ಕಡೆಯ ಲೀಫ್ ಸ್ಪ್ರಿಂಗ್‌ಗಳ (ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಏಳು ಪಟ್ಟಿಗಳಲ್ಲಿ ಎರಡೆರಡನ್ನು ತೆಗೆಸಿದೆ. ಒಂದೂವರೆ ಇಂಚು ತಗ್ಗಿತು, ನೋಡಲು ಚೆಂದವಾಯಿತು. ಆದರೆ ಹಿಂದೆ ಇಬ್ಬರು ಕುಳಿತರೆ ಪ್ರತಿ ಹಂಪ್‌ನಲ್ಲೂ ದಡ್ ಎಂದು ಬಡಿಯುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಮೊದಲ ಗೇರ್‌ನಲ್ಲಿ ಹೊರಟರೆ ಹಿಂಭಾಗವೆಲ್ಲ ಗಡಗಡ ನಡುಗುತ್ತದೆ. ಶಾಕ್ ಅಬ್ಸಾರ್ಬರ್ ಹೋಗಿದೆಯೇ?

ಉತ್ತರ:
ಶಾಕ್ ಅಬ್ಸಾರ್ಬರ್‌ಗೆ ಹಣ ಸುರಿಯುವ ಮುನ್ನ ಆ ಪಟ್ಟಿಗಳನ್ನು ವಾಪಸ್ ಹಾಕಿಸಿ ಸರ್. ಎಸೆದಿಲ್ಲ ತಾನೇ?

ಮೈನರ್‌ನ ಹಿಂದಿನ ಆಕ್ಸಲ್ ಅನ್ನು, ಅಂದರೆ ಎರಡು ಚಕ್ರಗಳ ನಡುವಿನ ಅಚ್ಚನ್ನು, ಹಿಡಿದಿಡಲು ಬೇರೆ ತೋಳುಗಳಿಲ್ಲ. ಭಾರ ಹೊರುವುದೂ ಲೀಫ್ ಸ್ಪ್ರಿಂಗೇ, ಆಕ್ಸಲ್ ತಿರುಚದಂತೆ ತಡೆಯುವುದೂ ಅದೇ. ಪಟ್ಟಿಗಳ ದಪ್ಪ ಒಂದೇ ಎಂದುಕೊಂಡರೆ, ಏಳರಲ್ಲಿ ಎರಡು ಹೋದಾಗ ಬಿಗಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ; ಉಳಿದ ಐದರ ಮೇಲೆ ಒತ್ತಡ ಸುಮಾರು 1.4 ಪಟ್ಟಾಗುತ್ತದೆ. ಹಂಪ್‌ನಲ್ಲಿ ಆಕ್ಸಲ್ ಮೇಲಕ್ಕೆ ತಾಗಿ ದಡ್ ಎನ್ನುವುದು ಅದಕ್ಕೇ. ಗಿಡ್ಡ ಪಟ್ಟಿ ತಾನೇ ಎನ್ನುವಂತಿಲ್ಲ. ಬಾಗುವ ಬಲ ಅತಿ ಹೆಚ್ಚಾಗಿರುವ ನಡುಭಾಗಕ್ಕೇ ಅವು ಆಸರೆ. ಏರಿನಲ್ಲಿ ಕ್ಲಚ್ ಬಿಟ್ಟಾಗ ಸ್ಪ್ರಿಂಗ್ ಹಾವಿನಂತೆ ಡೊಂಕಾಗಿ, ಸೆಟೆದು, ಮತ್ತೆ ಡೊಂಕಾಗುತ್ತದೆ. ನಿಮ್ಮ ನಡುಕ ಅದೇ. 1098ರ ಎಳೆತ ಹೆಚ್ಚು, ಆದ್ದರಿಂದ ಇನ್ನೂ ಜೋರಾಗಿದೆ.

ತಗ್ಗಿಸಲೇಬೇಕೆಂದರೆ ಬ್ಲಾಕ್ ಹಾಕಿಸಿ. ಮೈನರ್‌ನಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದೆ. ಎರಡರ ನಡುವೆ ಬ್ಲಾಕ್ ಇಟ್ಟಷ್ಟೂ ಕಾರು ಇಳಿಯುತ್ತದೆ. (ಸ್ಪ್ರಿಂಗ್ ಆಕ್ಸಲ್‌ನ ಮೇಲಿರುವ ಗಾಡಿಗಳಲ್ಲಿ ಇದೇ ಬ್ಲಾಕ್ ಗಾಡಿಯನ್ನು ಎತ್ತರಿಸುತ್ತದೆ, ಬೇರೆ ಕಾರಿನವರು ಗಮನಿಸಿ.) ನಮ್ಮ ಹಂಪ್‌ಗಳಿಗೆ ಒಂದು ಇಂಚು, ಅಂದರೆ 25 ಮಿ.ಮೀ. ಸಾಕು. ಲೇತ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನ ತುಂಡಿನಿಂದ ಮಾಡಿಸಿ. ಕೆಳಗೆ, ಪಟ್ಟಿಗಳನ್ನು ನಡುವೆ ಬಿಗಿದಿಡುವ ಸೆಂಟರ್ ಬೋಲ್ಟ್‌ನ ತಲೆ ಕೂರುವ ಗುಳಿ, ಮೇಲೆ ಆಕ್ಸಲ್ ಸೀಟಿನ ರಂಧ್ರಕ್ಕೆ ಹೊಂದುವ ಮೊಳೆ ಇರಲೇಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಆಕ್ಸಲ್ ಜಾರುತ್ತದೆ. ಮರದ ತುಂಡು ಬೇಡ, ಎರಡು ಬ್ಲಾಕ್ ಒಂದರ ಮೇಲೊಂದು ಬೇಡ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳು ಹಳೆಯವಕ್ಕಿಂತ ಒಂದು ಇಂಚು ಹೆಚ್ಚು ಉದ್ದದ ಹೊಸವಾಗಿರಲಿ. ಹಳೆಯದಕ್ಕೆ ತುಂಡು ಬೆಸೆದು ಉದ್ದ ಮಾಡಿಸಲು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಗ್ಯಾಸ್ ಬೆಂಕಿಯಲ್ಲಿ ಪಟ್ಟಿ ಕಾಯಿಸಿ ಬಾಗಿಸುವುದಕ್ಕೂ ಒಪ್ಪಬೇಡಿ. ಉಕ್ಕಿನ ಹದ ಕೆಟ್ಟು ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಮರುಪ್ರಶ್ನೆ:
ಪಟ್ಟಿಗಳು ಗ್ಯಾರೇಜಿನ ಮೂಲೆಯಲ್ಲೇ ಇದ್ದವು, ಹಾಕಿಸಿದೆ. ಒಂದು ಇಂಚಿನ ಬ್ಲಾಕ್, ಹೊಸ ಯು-ಬೋಲ್ಟ್ ಎಲ್ಲ ಸೇರಿ ಬಜೆಟ್‌ನೊಳಗೇ ಮುಗಿಯಿತು. ನಡುಕ ಪೂರ್ತಿ ನಿಂತಿದೆ. ಎರಡು ಅನುಮಾನ: ಕಾರು ತುಂಬಿದಾಗ ಆಕ್ಸಲ್ ಈಗಲೂ ಮೇಲಕ್ಕೆ ತಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಬಲಭಾಗ 10 ಮಿ.ಮೀ. ತಗ್ಗಾಗಿದೆ, ಆ ಕಡೆಗೆ ತೆಳು ಬ್ಲಾಕ್ ಹಾಕಲೇ?

ಉತ್ತರ:
ನಡುಕ ನಿಂತದ್ದು ಕೇಳಿ ನಿಜಕ್ಕೂ ಸಂತೋಷವಾಯಿತು.

ತಾಗುವುದನ್ನು ನೋಡಲು, ಆಕ್ಸಲ್ ಕಾರಿನ ಮೈಗೆ ನೇರ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ನಿಂಬೆಹಣ್ಣಿನಷ್ಟು ಜೇಡಿಮಣ್ಣು ಮೆತ್ತಿ, ನಾಲ್ವರನ್ನು ಕೂರಿಸಿಕೊಂಡು ಮನೆಯ ಹತ್ತಿರದ ಹಂಪ್ ನಿಧಾನವಾಗಿ ದಾಟಿ. ಮಣ್ಣು ಬಿಲ್ಲೆಯಾಗಿ ಚಪ್ಪಟೆಯಾಗಿದ್ದರೆ ಜಾಗ ಸಾಲದು. ಬ್ಲಾಕ್ ಅನ್ನು ಮುಕ್ಕಾಲು ಇಂಚಿಗೆ ಇಳಿಸಿ. ರಬ್ಬರ್ ಕತ್ತರಿಸಬೇಡಿ. ಸೈಲೆನ್ಸರ್ ಕೊಳವೆಗೂ ಆಕ್ಸಲ್‌ಗೂ ನಡುವೆ ಬೆರಳು ಆಡುತ್ತದೆಯೇ ಎಂದೂ ನೋಡಿ.

ಬೇರೆ ಬೇರೆ ದಪ್ಪದ ಬ್ಲಾಕ್ ಬೇಡ. ಎಡ, ಬಲದ ಸ್ಪ್ರಿಂಗ್‌ಗಳನ್ನು ಅದಲುಬದಲು ಮಾಡಿ ಅಳೆಯಿರಿ. ತಗ್ಗು ಎಡಕ್ಕೆ ಹೋದರೆ ಆ ಸ್ಪ್ರಿಂಗ್ ಸೋತಿದೆ. ಬಲದಲ್ಲೇ ಉಳಿದರೆ ಮುಂದಿನ ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಸರಳು) ಎತ್ತರ ಸಮವಿದೆಯೇ ನೋಡಿ. ಅದಕ್ಕೂ ಮೊದಲು ಸ್ಪ್ರಿಂಗ್‌ನ ಹಿಂದಿನ ತುದಿ ನೇತಾಡುವ ಹ್ಯಾಂಗರ್ ಸುತ್ತಲಿನ ತಗಡನ್ನು ಸ್ಕ್ರೂ ಡ್ರೈವರ್‌ನಿಂದ ಚುಚ್ಚಿ ನೋಡಿ. ಮೈನರ್ ಅತಿ ಹೆಚ್ಚು ತುಕ್ಕು ಹಿಡಿಯುವ ಜಾಗಗಳಲ್ಲಿ ಅದೊಂದು. ಹೊರಗೆ ಬಣ್ಣ ಗಟ್ಟಿಯಾಗಿ ಕಂಡರೂ ಒಳಗೆ ಪುಡಿಯಾಗಿರಬಹುದು. ಚುಚ್ಚಿದ್ದು ಒಳಗಿಳಿದರೆ ವೆಲ್ಡಿಂಗ್ ಆಗುವವರೆಗೆ ಕಾರನ್ನು ರಸ್ತೆಗೆ ತರಬೇಡಿ.

ಸ್ಪ್ರಿಂಗ್‌ನ ಎರಡೂ ತುದಿಯ ಕಣ್ಣುಗಳ (ಬಳೆಯಂತೆ ಸುತ್ತಿದ ಭಾಗ) ಬೋಲ್ಟ್‌ಗಳನ್ನು ಕೊನೆಯ ಬಾರಿ ಬಿಗಿಯುವುದು ಕಾರು ಜ್ಯಾಕಿನಿಂದ ಇಳಿದು ಚಕ್ರದ ಮೇಲೆ ನಿಂತ ಮೇಲೆ. ಇಲ್ಲವಾದರೆ ಕಣ್ಣಿನೊಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. 100 ಕಿ.ಮೀ. ಓಡಿಸಿ ಯು-ಬೋಲ್ಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಹ್ಯಾಂಗರ್ ನೋಡಿದ ಮೇಲೆ ಏನಾಯಿತೆಂದು ಬರೆಯಿರಿ.